ನಾಲ್ಕನೇ ಮನೆಯ ಖಾಲಿ ಕೊಳವೆ

ನಮ್ಮ ಪ್ರಯೋಗಾಲಯದ ವಿಜ್ಞಾನಿ ಕುರಲಾಯ್ ಬರೆದ ಪ್ರಬಂಧಗಳ ಪಟ್ಟಿ ಒಂದು ಪುಟವೂ ತುಂಬುವುದಿಲ್ಲ. ಅದರಲ್ಲಿರುವ ಇಂಗ್ಲಿಷ್ ನನಗೆ ಓದಲು ಬರುವುದಿಲ್ಲ. ಆದರೂ ಯಾವ ಸಾಲು ಯಾವುದೆಂದು ಬೆರಳಿಟ್ಟು ಹೇಳಬಲ್ಲೆ. ಮೊದಲನೆಯದು ಒಂಟೆ ಹಾಲಿನದು. ಆ ವರ್ಷ ಫ್ರೀಜರ್ ಕೆಟ್ಟು ಎಲ್ಲವನ್ನೂ ಎರಡು ಸಲ ಮಾಡಿದೆವು. ಎರಡನೆಯದು ಕುರಿಯ ಪಿತ್ತಜನಕಾಂಗದ ಹುಳದ್ದು. ಆ ವಾಸನೆ ತಡೆಯಲಾರದೆ ಕೆಳಮಹಡಿಯ ಗ್ರಂಥಾಲಯದವರು ದೂರು ಕೊಟ್ಟಿದ್ದರು. ಮೂರನೆಯದು ಗೋಧಿಯ ರೋಗದ್ದು. ನಾಲ್ಕನೆಯದಕ್ಕಾಗಿ ಹಳೆಯ ದಿಬ್ಬವೊಂದರಲ್ಲಿ ಸಿಕ್ಕ ಮಡಕೆಯ ತಳದ ಕರಿಯನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದವಳು ನಾನೇ. ಐದನೆಯದು ಕುಮಿಸ್‌ನದು. ಕುದುರೆ ಹಾಲು ಹುದುಗಿಸಿ ಮಾಡುವ ನಮ್ಮ ಕುಮಿಸ್‌ನದು.

ಅಲ್ಮಾಟಿಯ ಈ ಸಂಸ್ಥೆಯಲ್ಲಿ ನಾನು ಪ್ರಯೋಗಾಲಯದ ಸಹಾಯಕಿಯಾಗಿ ಇಪ್ಪತ್ತಾರು ವರ್ಷವಾಯಿತು. ಗಾಜು ತೊಳೆಯುತ್ತೇನೆ, ನಮೂನೆಗಳನ್ನು ಸಿದ್ಧ ಮಾಡುತ್ತೇನೆ, ಯಂತ್ರಕ್ಕೆ ಅನಿಲದ ಸಿಲಿಂಡರ್ ಬದಲಿಸುತ್ತೇನೆ. ಎಲ್ಲರೂ ಬಾತಿಮಾ ತಾತೆ ಎನ್ನುತ್ತಾರೆ. ದೊಡ್ಡಕ್ಕ ಎಂದ ಹಾಗೆ. ಯಂತ್ರದ ಹೆಸರು ಮಾಸ್ ಸ್ಪೆಕ್ಟ್ರೋಮೀಟರ್. ನನ್ನ ಪಾಲಿಗೆ ಅದೊಂದು ತಕ್ಕಡಿ. ಪ್ರೋಟೀನನ್ನು ಚೂರು ಚೂರು ಮಾಡಿ ಕೊಟ್ಟರೆ ಒಂದೊಂದು ಚೂರನ್ನೂ ತೂಗಿ, ಇದು ಯಾವ ಪ್ರಾಣಿಯ ಯಾವ ಭಾಗದ್ದು ಎಂದು ತಿಳಿಸುತ್ತದೆ. ಅದು ತೂಕ ತಪ್ಪುವುದು ಅಪರೂಪ. ಅದರ ಮೇಲೆ ಏನಿಟ್ಟೆವು ಎಂಬುದರಲ್ಲಿ ತಪ್ಪುವವರು ನಾವು.

ಇದೆಲ್ಲ ನಡೆದ ಆಗಸ್ಟಿನಲ್ಲಿ ಹೊಸ ಯಂತ್ರವೊಂದು ಬಂದು, ಮರದ ಪೆಟ್ಟಿಗೆಯಲ್ಲೇ ಕೆಳಗಿನ ಹಜಾರದಲ್ಲಿ ಕೂತಿತ್ತು. ಅದಕ್ಕೊಂದು ಹೊಸ ಪ್ರಯೋಗಾಲಯ, ಆ ಪ್ರಯೋಗಾಲಯಕ್ಕೊಬ್ಬ ಮುಖ್ಯಸ್ಥ. ಮುಖ್ಯಸ್ಥರಾಗುವವರು ಕಳೆದ ಐದು ವರ್ಷದಲ್ಲಿ ಮೇಲ್ದರ್ಜೆಯ ಪತ್ರಿಕೆಗಳಲ್ಲಿ, ತಾವೇ ಹೊಣೆ ಹೊತ್ತ ಐದು ಪ್ರಬಂಧಗಳನ್ನಾದರೂ ಪ್ರಕಟಿಸಿರಬೇಕು ಎಂಬುದು ನಿಯಮ. ಕುರಲಾಯ್ ಹತ್ತಿರ ಸರಿಯಾಗಿ ಐದಿದ್ದವು. ಅವಳ ಎದುರಾಳಿ ನುರ್‌ಖಾನ್ ಹತ್ತಿರ ಇಪ್ಪತ್ತೊಂಬತ್ತು.

ನುರ್‌ಖಾನ್ ಕೆಟ್ಟವನಲ್ಲ. ಒಂದು ಕುರಿ ಕಡಿದು ಮೂರು ಮದುವೆಗೆ ಬಡಿಸುವ ಜಾತಿ, ಅಷ್ಟೇ. ಒಂದು ಪ್ರಯೋಗ ಮಾಡಿ ಮೂರು ಕಡೆ ಬರೆಯುತ್ತಾನೆ. ಕುರಲಾಯ್‌ದು ಇದಕ್ಕೆ ತದ್ವಿರುದ್ಧ. ಮೂರು ಸಲ ಮಾಡಿ ಒಂದು ಸಲ ಬರೆಯುವವಳು.

ಸೋಮವಾರ ಬೆಳಿಗ್ಗೆ ನಾನು ಗಾಜು ಒಣಗಲು ಇಡುತ್ತಿದ್ದಾಗ ಅವಳು ಬಂದು ಕಿಟಕಿಯ ಹತ್ತಿರ ನಿಂತಳು. ಅವಳಿಗೆ ನಲವತ್ತೊಂದು ವರ್ಷ, ಎತ್ತರದ ಹೆಂಗಸು. ಚಿಂತೆಯಾದರೆ ಕೈಗವಸು ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಾಳೆ. ಆವತ್ತು ಮೂರು ಜೊತೆ ಹಾಳು ಮಾಡಿದಳು.

"ಕುಮಿಸ್ ಪ್ರಬಂಧದ ಬಗ್ಗೆ ಒಂದು ಕಾಗದ ಬಂದಿದೆ, ತಾತೆ. ಡೆನ್ಮಾರ್ಕಿಂದ. ಹೆನ್ನಿಂಗ್ ಅಂತ ಒಬ್ರು."

"ಚೆನ್ನಾಗಿದೆ ಅಂತಾನಾ?"

"ತುಂಬಾ ಮರ್ಯಾದೆಯಿಂದ ಬರ್ದಿದಾರೆ. ಅದಕ್ಕೇ ಹೆದರಿಕೆ."

ಎರಡು ಬೇಸಿಗೆಯ ಹಿಂದೆ ಅಸಿ ಜೈಲಾವಿನಲ್ಲಿ, ಅಂದರೆ ಬೇಸಿಗೆಗೆ ಕುದುರೆಗಳು ಮೇಯುವ ಬೆಟ್ಟದ ಮೇಲಿನ ಹುಲ್ಲುಗಾವಲಿನಲ್ಲಿ, ಎಂಟು ಮನೆಗಳಿಂದ ಕುಮಿಸ್ ತರಿಸಿದ್ದೆವು. ನಾಲ್ಕು ಮನೆಯವರು ಹಳೇ ಪದ್ಧತಿಯಂತೆ ಸಬಾದಲ್ಲಿ, ಹೊಗೆ ಕೊಟ್ಟ ಕುದುರೆ ಚರ್ಮದ ಚೀಲದಲ್ಲಿ, ಹಾಲು ಕಡೆಯುವವರು. ಇನ್ನು ನಾಲ್ಕು ಮನೆಯವರದು ನೀಲಿ ಪ್ಲಾಸ್ಟಿಕ್ ಪೀಪಾಯಿ. ಪೇಟೆಯಲ್ಲಿ ಎಲ್ಲರೂ "ಸಬಾ ಕುಮಿಸ್" ಎಂದೇ ಮಾರುತ್ತಾರೆ. ನಿಜವಾಗಿ ಸಬಾದ್ದು ಯಾವುದು ಎಂದು ಹೇಳಲು ಕುರಲಾಯ್ ಒಂದು ಗುರುತು ಕಂಡುಹಿಡಿದಿದ್ದಳು. ಕುಮಿಸ್‌ನ ಹುಳಿಗೆ ಚರ್ಮದಿಂದ ಬಿಡುವ ಒಂದು ಸಣ್ಣ ಪ್ರೋಟೀನ್ ಚೂರು. ಸಬಾದಲ್ಲಿ ಇರುತ್ತದೆ, ಪೀಪಾಯಿಯಲ್ಲಿ ಇರುವುದಿಲ್ಲ. ಅಲ್ಲಿಯವರೆಗೆ ಬರೀ ನಾಲಿಗೆಗೆ ಗೊತ್ತಿದ್ದದ್ದನ್ನು ಅವಳು ತಕ್ಕಡಿಗೆ ಹಾಕಿದ್ದಳು.

ಪ್ರತಿ ಮನೆಗೂ ಒಂದೊಂದು ಪೆಟ್ಟಿಗೆ ಹೋಗಿತ್ತು, ಹಾಲಿನ ಲಾರಿಯವನ ಕೈಯಲ್ಲಿ. ಅದರಲ್ಲಿ ಆರು ಕೊಳವೆ ಕುಮಿಸ್ ತುಂಬಲು. ಏಳನೆಯದರಲ್ಲಿ ನಾವೇ ತುಂಬಿದ ಶುದ್ಧ ನೀರು. ಅದನ್ನು ಅಲ್ಲಿ ಒಂದು ನಿಮಿಷ ಮುಚ್ಚಳ ತೆಗೆದಿಟ್ಟು, ಮುಚ್ಚಿ, ಹಾಗೇ ವಾಪಸು ಕಳಿಸಬೇಕು. ಗಾಳಿಯಿಂದಲೋ ಕೈಯಿಂದಲೋ ನಮ್ಮ ಪ್ರಯೋಗಾಲಯದಿಂದಲೋ ಏನಾದರೂ ಬೆರೆತಿದ್ದರೆ ಅದರಲ್ಲಿ ಸಿಕ್ಕಿಬೀಳುತ್ತದೆ. ಇದಕ್ಕೆ ನಾವು ಖಾಲಿ ಕೊಳವೆ ಎನ್ನುತ್ತೇವೆ.

ಹೆನ್ನಿಂಗ್ ಎಂಬಾತ ನಮ್ಮ ಮೂಲ ಅಳತೆಗಳನ್ನೆಲ್ಲ ಇಳಿಸಿಕೊಂಡು ನೋಡಿದ್ದ. ಯಾರು ಬೇಕಾದರೂ ನೋಡಲಿ ಎಂದು ಕುರಲಾಯ್ ಅವುಗಳನ್ನು ಅಂತರ್ಜಾಲದಲ್ಲಿ ಬಹಿರಂಗವಾಗಿ ಇಟ್ಟಿದ್ದಳು. ನಾಲ್ಕನೇ ಮನೆ ಪೀಪಾಯಿಯ ಮನೆ. ಅದರ ಕುಮಿಸ್‌ನಲ್ಲಿ ಚರ್ಮದ ಗುರುತು ಇಲ್ಲ, ಸರಿ. ಆದರೆ ಅದೇ ಮನೆಯ ಖಾಲಿ ಕೊಳವೆಯಲ್ಲಿ ಗುರುತಿದೆ. ಅದು ಎಲ್ಲಿಂದ ಬಂತು?

"ನಾನು ಆಗ್ಲೇ ನೋಡಿದ್ದೆ. ಅದ್ರಲ್ಲಿ ಸ್ವಲ್ಪ ಹಾಲಿನ ಪ್ರೋಟೀನೂ ಇತ್ತು. ಯಂತ್ರದೊಳಗೆ ಹಿಂದಿನ ನಮೂನೆ ಚೂರುಪಾರು ಉಳ್ಕೊಂಡಿರತ್ತೆ, ಅದೇ ಅಂತ ಬರ್ದು ಮುಂದೆ ಹೋದೆ."

"ಹಿಂದಿನದು ಯಾವುದು ಓಡ್ಸಿದ್ದು?"

"ಅದೇ ಮನೇದು. ಪೀಪಾಯಿದು." ಕೈಗವಸು ತೆಗೆದು ಎಸೆದಳು. "ಹೆನ್ನಿಂಗ್ ಕೇಳಿರೋದೂ ಅದೇ. ಪೀಪಾಯಿಯಲ್ಲೇ ಇಲ್ದಿರೋ ಗುರುತು ಅದರ ಉಳಿಕೆಯಲ್ಲಿ ಹೇಗೆ ಬರತ್ತೆ? ನಿಮ್ಮಲ್ಲೇ ಯಾರದ್ದೋ ಚರ್ಮದ ವಸ್ತು ತಾಗಿರ್ಬೇಕು, ಹಾಗಿದ್ರೆ ಉಳಿದ ಗುರುತನ್ನೆಲ್ಲಾ ಹೇಗೆ ನಂಬೋದು ಅಂತಾರೆ. ಸರಿಯಾದ ಪ್ರಶ್ನೆ, ತಾತೆ. ನಾನೇ ಕೇಳ್ಬೇಕಿತ್ತು."

ಶುಕ್ರವಾರ, ಮುಖ್ಯಸ್ಥರನ್ನು ಆರಿಸುವ ವಿದ್ವತ್ ಮಂಡಳಿಗೆ ಪಟ್ಟಿ ಕೊಡಬೇಕು. ಆ ಐದನೆಯದು ಬಿದ್ದುಹೋದರೆ ಪಟ್ಟಿಯಲ್ಲಿ ನಾಲ್ಕು. ನಾಲ್ಕಿದ್ದರೆ ಯಂತ್ರ ನುರ್‌ಖಾನ್‌ನ ಕೈಗೆ.

ನಿರ್ದೇಶಕ ಎರ್ಮೆಕ್ ಅವರನ್ನು ಗೌರವಕ್ಕೆ ನಾವು ಎರೆಕೆ ಎನ್ನುತ್ತೇವೆ. ಅವರ ಕೋಣೆಗೆ ಕುರಲಾಯ್ ನನ್ನನ್ನೂ ಕರೆದುಕೊಂಡು ಹೋದಳು. ನುರ್‌ಖಾನ್ ಅಲ್ಲೇ ಚಹಾ ಕುಡಿಯುತ್ತಾ ಕೂತಿದ್ದ. ಅವನಿಗೆ ವಿಷಯ ಆಗಲೇ ಗೊತ್ತಿತ್ತು. ಈ ಕಟ್ಟಡದ ಗೋಡೆಗಳು ಅಷ್ಟು ತೆಳು.

"ನೋಡು ಮಗಳೇ," ಎಂದರು ಎರೆಕೆ. "ಕಾಗದ ಬಂದಿದ್ದು ನಿನಗೆ. ಉತ್ತರ ಮುಂದಿನ ತಿಂಗ್ಳು ಬರಿ. ಮಂಡಳಿಯವರು ಪಟ್ಟಿ ಎಣಿಸ್ತಾರೆ, ಓದಲ್ಲ."

"ಓದಲ್ಲ ಅಂತ ನಾನು ಮುಚ್ಚಿಡೋಕಾಗಲ್ಲ, ಎರೆಕೆ."

ನುರ್‌ಖಾನ್ ನನ್ನ ಕಾಲು ನೋಡಿದ. "ಆ ಚರ್ಮದ ಗುರುತು ಬಾತಿಮಾ ತಾತೆ ಬೂಟಿಂದ ಬಂದಿರಬಹುದು. ಒಳ್ಳೇ ಕುದುರೆ ಚರ್ಮ, ಅಲ್ವಾ ತಾತೆ?"

"ಒಳ್ಳೇದೇ ಕಣಪ್ಪ. ನಿನ್ನ ಇಪ್ಪತ್ತೊಂಬತ್ತು ಪ್ರಬಂಧಕ್ಕಿಂತ ಜಾಸ್ತಿ ದಿನ ಬಾಳಿಕೆ ಬಂದಿದೆ."

ಎರೆಕೆ ಚಹಾ ಬಟ್ಟಲನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನುರ್‌ಖಾನ್ ಕೂಡ ನಕ್ಕ. ಆದರೆ ಅವನ ಮಾತು ನನಗೆ ಚುಚ್ಚಿತ್ತು. ಆ ನಮೂನೆಗಳನ್ನು ಸಿದ್ಧ ಮಾಡಿದ ಕೈ ನನ್ನದು. ನನ್ನ ಬೂಟಿನಿಂದ ಅವಳ ಕೆಲಸ ಹೋಗುವುದಾದರೆ ಅದು ನನಗೂ ಗೊತ್ತಾಗಬೇಕು.

ಕೆಳಗಿಳಿದು ಬಂದವಳೇ ಡೀಪ್ ಫ್ರೀಜರ್ ತೆಗೆದೆ. ನಾನು ಏನನ್ನೂ ಬಿಸಾಡುವುದಿಲ್ಲ. ಅದಕ್ಕಾಗಿ ಬೈಸಿಕೊಂಡದ್ದೂ ಇದೆ. ನಾಲ್ಕನೇ ಮನೆಯ ಖಾಲಿ ಕೊಳವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನಮ್ಮ ಕೊಳವೆಗಳು ಕಂದು ಬಣ್ಣದವು, ಒಳಗಿರುವುದು ಕಾಣುವುದಿಲ್ಲ. ಕರಗಿದ ಮೇಲೆ ಒಂದು ಬಿಳಿ ಗಾಜಿನ ಬಟ್ಟಲಿಗೆ ಸ್ವಲ್ಪ ಸುರಿದು ಕಿಟಕಿಗೆ ಹಿಡಿದೆ. ಪಕ್ಕದಲ್ಲಿ ಐದನೇ ಮನೆಯದನ್ನೂ ಹಿಡಿದೆ. ಐದನೆಯದು ತಿಳಿ ನೀರು. ನಾಲ್ಕನೆಯದು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು.

"ಬಾ ಇಲ್ಲಿ," ಎಂದು ಕುರಲಾಯ್‌ಳನ್ನು ಕರೆದೆ. "ಇದು ನನ್ನ ಬೂಟಿನ ಧೂಳಲ್ಲ. ಇದಕ್ಕೆ ಯಾರೋ ಕುಮಿಸ್ ಹಾಕಿದಾರೆ."

ಅವಳು ಬಹಳ ಹೊತ್ತು ನೋಡಿದಳು. "ಎರಡು ವರ್ಷ ನಾನು ಪರದೆ ಮೇಲೆ ಗೆರೆ ನೋಡ್ದೆ. ಕೊಳವೆ ನೋಡ್ಲಿಲ್ಲ."

"ನಾನೂ ನೋಡ್ಲಿಲ್ಲ. ಸಿದ್ಧ ಮಾಡುವಾಗ ಮುಖಕ್ಕೆ ಮಾಸ್ಕ್ ಬೇರೆ ಕಟ್ಕೊಂಡಿದ್ದೆ, ವಾಸನೆನೂ ಬರ್ಲಿಲ್ಲ."

ಆಗ ಒಂದು ವಿಷಯ ನೆನಪಾಯಿತು. ಎಂಟು ಪೆಟ್ಟಿಗೆ ವಾಪಸು ಬಂದಾಗ ನಾಲ್ಕನೆಯದರಲ್ಲಿ ಕೊಳವೆಗಳ ಪಕ್ಕದಲ್ಲಿ ಬಟ್ಟೆಯ ಗಂಟೊಂದಿತ್ತು. ಒಳಗೆ ಕುರ್ತ್, ಒಣಗಿಸಿದ ಮೊಸರಿನ ಉಂಡೆ. ನಾನೇ ತಿಂದಿದ್ದೆ. ಆ ಮನೆಯ ಹೆಂಗಸು ಪೆಟ್ಟಿಗೆಯನ್ನು ಬರಿದಾಗಿ ಕಳಿಸಿರಲಿಲ್ಲ. ನಮ್ಮಲ್ಲಿ ಯಾರಾದರೂ ಪಾತ್ರೆಯಲ್ಲಿ ಏನಾದರೂ ಕಳಿಸಿದರೆ ಆ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದು ನಾಚಿಕೆಗೇಡು. ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ಪೆಟ್ಟಿಗೆಗೇ ಕುರ್ತ್ ಇಟ್ಟವಳು, ಬರೀ ನೀರಿರುವ ಕೊಳವೆಯನ್ನು ಹಾಗೇ ಬಿಟ್ಟಾಳೆಯೇ?

"ಆದ್ರೂ ತಾತೆ, ಅವ್ರದ್ದು ಪೀಪಾಯಿ. ಪೀಪಾಯಿ ಕುಮಿಸ್ ಹಾಕಿದ್ರೆ ಚರ್ಮದ ಗುರುತು ಬರಲ್ಲ."

"ಅದನ್ನ ಅವಳನ್ನೇ ಕೇಳೋಣ."

ಬುಧವಾರ ಬೆಳಿಗ್ಗೆ ಸಂಸ್ಥೆಯ ಹಳೇ ಜೀಪಿನಲ್ಲಿ ಹೊರಟೆವು. ಕುರಲಾಯ್ ತಾನೇ ಓಡಿಸಿದಳು. ಮೇಲೆ ಹತ್ತಿದಂತೆ ರಸ್ತೆ ಹೋಗಿ ಬರೀ ಕಲ್ಲು ಉಳಿಯಿತು. ಜೈಲಾವ್ ಮುಟ್ಟಿದಾಗ ಮಧ್ಯಾಹ್ನ. ನಾಲ್ಕನೇ ಮನೆಯ ಡೇರೆಯ ಪಕ್ಕ ನೀಲಿ ಪೀಪಾಯಿಗಳು ಸಾಲಾಗಿ ನಿಂತಿದ್ದವು. ಗಂಡ ಪೇಟೆಗೆ ಹೋಗಿದ್ದ. ಹೆಂಡತಿ ಕಲಾಂಪಿರ್, ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ನಾಯಿಯನ್ನು ಗದರಿಸಿ ನಮ್ಮನ್ನು ಒಳಗೆ ಕರೆದಳು.

ಇಂಥ ಕಡೆ ನೇರ ವಿಷಯಕ್ಕೆ ಹೋಗಬಾರದು. ಚಹಾ ಆಯಿತು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ ಬೌರ್ಸಾಕ್ ಆಯಿತು, ಮಕ್ಕಳ ವಿಚಾರ ಆಯಿತು, ಯಾವ ಕುದುರೆ ಕುಂಟುತ್ತಿದೆ ಎಂಬುದಾಯಿತು. ಕುರಲಾಯ್ ಬಾಯಿ ತೆಗೆಯಲು ಹೊರಟಾಗಲೆಲ್ಲ ನಾನು ಅವಳ ತಟ್ಟೆಗೆ ಇನ್ನೊಂದು ಬೌರ್ಸಾಕ್ ಹಾಕಿದೆ. ಆರನೆಯದರ ಹೊತ್ತಿಗೆ ಅರ್ಥ ಮಾಡಿಕೊಂಡಳು. ಆಮೇಲೆ ನಾನೇ ಅಂದೆ:

"ನೀನು ಕಳಿಸಿದ್ದ ಕುರ್ತ್ ಇವತ್ತಿಗೂ ನಾಲಿಗೆ ಮೇಲಿದೆ ಕಣಮ್ಮ. ಪೆಟ್ಟಿಗೆ ಬರಿದು ಕಳಿಸ್ಲಿಲ್ಲ ನೀನು."

"ಹೇಗೆ ಕಳಿಸ್ಲಿ, ತಾತೆ? ಪಟ್ಟಣದಿಂದ ಅಷ್ಟು ಚೆಂದದ ಪೆಟ್ಟಿಗೆ ಕಳಿಸಿದ್ರಿ."

"ಅದ್ರಲ್ಲಿ ನೀರಿನ ಕೊಳವೆ ಒಂದಿತ್ತಲ್ಲ."

ಕಲಾಂಪಿರ್ ಚಹಾ ಸುರಿಯುತ್ತಿದ್ದ ಕೈ ನಿಲ್ಲಿಸಿದಳು. "ಯಾಕೆ, ಏನಾದ್ರೂ ತಪ್ಪಾಯ್ತಾ?"

"ತಪ್ಪು ನಮ್ದು," ಎಂದಳು ಕುರಲಾಯ್. "ಹಾಗೇ ಕಳಿಸಿ ಅಂತ ಚೀಟಿಯಲ್ಲಿ ಬರ್ದಿದ್ವಿ. ಯಾಕೆ ಅಂತ ಬರೀಲಿಲ್ಲ."

"ಚೀಟಿ ಓದ್ದೆ. ಓದಿ ನಕ್ಕೆ. ಬರೀ ನೀರು ವಾಪಸು ಕಳಿಸಿ ಅಂತ ಯಾರಾದ್ರೂ ಹೇಳ್ತಾರಾ? ಓದಿದೋರು ಸಂಕೋಚಕ್ಕೆ ಹಾಗೆ ಬರ್ದಿರ್ತಾರೆ ಅನ್ಕೊಂಡೆ. ನಾಲ್ಕು ಹನಿ ಹಾಕ್ದೆ. ಅಷ್ಟೇ ಹಿಡಿಸ್ತು."

"ಪೀಪಾಯಿಯಿಂದ?" ಕುರಲಾಯ್ ದನಿ ಸಣ್ಣದಾಗಿತ್ತು.

ಕಲಾಂಪಿರ್ ಬಾಗಿಲಿನ ಕಡೆ ನೋಡಿದಳು. ಗಂಡ ಬರುವುದು ಸಂಜೆಗೆ ಎಂದು ಅವಳಿಗೂ ಗೊತ್ತಿತ್ತು, ಆದರೂ ನೋಡಿದಳು. "ಪೀಪಾಯಿದು ಮಾರೋಕೆ. ನೀವು ಮಾರೋದು ಕೇಳಿದ್ರಿ, ಆರು ಕೊಳವೆ ಅದನ್ನೇ ತುಂಬ್ಸಿ ಕೊಟ್ಟೆ. ಆದ್ರೆ ಮರ್ಯಾದೆಗೆ ಕೊಡೋದನ್ನ ಪೀಪಾಯಿಯಿಂದ ಕೊಡೋಕಾಗತ್ತಾ?"

ಎದ್ದು, ಮಡಿಸಿಟ್ಟ ರಜಾಯಿಗಳ ರಾಶಿಯ ಹಿಂದೆ ಕೈ ಹಾಕಿ ಮುಚ್ಚಿದ್ದ ಕಂಬಳಿ ಸರಿಸಿದಳು. ಹೊಗೆಯ ವಾಸನೆ ಮೊದಲು ಬಂತು. ಆಮೇಲೆ ಕಂಡಿತು ಸಬಾ. ಮಗುವಿನಷ್ಟು ಎತ್ತರ, ಕಪ್ಪಗೆ ಮಿರುಗುವ ಚರ್ಮ, ಕತ್ತಿನಲ್ಲಿ ಕಡೆಯುವ ಕೋಲು.

"ನಮ್ಮತ್ತೇದು. ಇದನ್ನ ಎಸಿ, ಇದರ ಹಿಂದೆ ಅರ್ಧ ದಿನ ಹೋಗತ್ತೆ ಅಂತಾನೆ ನಮ್ಮೆಜಮಾನ. ಎಸೆದೆ ಅಂತ ಹೇಳಿದೀನಿ. ನಮ್ಮಣ್ಣ ಬಂದಾಗ, ಕಷ್ಟ ಸುಖಕ್ಕೆ ಯಾರಾದ್ರೂ ಬಂದಾಗ, ಇದರಿಂದ ಕೊಡ್ತೀನಿ. ನಮ್ಮೆಜಮಾನನೂ ಕುಡೀತಾನೆ. ಈ ಸಲ ಪೀಪಾಯಿದು ಚೆನ್ನಾಗಿ ಬಂದಿದೆ ಅಂತಾನೆ."

ಕುರಲಾಯ್ ನಗಲು ಶುರು ಮಾಡಿದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಕಲಾಂಪಿರ್ ನನ್ನ ಕಡೆ ನೋಡಿದಳು, ಇವಳಿಗೇನಾಯಿತು ಎನ್ನುವಂತೆ.

"ಎರಡು ವರ್ಷ ಹಿಂದೆ ನೀನು ಬಚ್ಚಿಟ್ಟಿದ್ದನ್ನ ನಮ್ಮ ಯಂತ್ರ ಆಗ್ಲೇ ಹಿಡ್ದಿತ್ತು," ಎಂದೆ. "ನಾವು ನಂಬಲಿಲ್ಲ."

"ಯಂತ್ರಕ್ಕೆ ಗೊತ್ತಾಯ್ತಾ? ನಾಲ್ಕು ಹನಿಯಲ್ಲಿ?" ಸ್ವಲ್ಪ ಯೋಚಿಸಿದಳು. "ನಮ್ಮೆಜಮಾನಂಗೆ ಗೊತ್ತಾಗೋದ್ ಬೇಡ."

"ಹೆಸರು ಬರಲ್ಲ. ಬರೀ ಮನೆಯ ನಂಬರು, ಅದು ಯಾರದು ಅಂತ ನಮಗೆ ಮಾತ್ರ ಗೊತ್ತು," ಎಂದಳು ಕುರಲಾಯ್.

ಹೊರಡುವಾಗ ಸಬಾದಿಂದ ಒಂದು ಗಾಜಿನ ಜಾಡಿ ತುಂಬ, ಪೀಪಾಯಿಯಿಂದ ಇನ್ನೊಂದು ಜಾಡಿ ತುಂಬ ಕೊಟ್ಟಳು. ಜಾಡಿ ಅವಳದೇ.

ಗುರುವಾರ ಬೆಳಿಗ್ಗೆ ನಾನು ಹನ್ನೆರಡು ಕೊಳವೆ ಸಿದ್ಧ ಮಾಡಿದೆ. ಕೆಲವಕ್ಕೆ ಸಬಾದ್ದು, ಕೆಲವಕ್ಕೆ ಪೀಪಾಯಿಯದು, ಕೆಲವಕ್ಕೆ ನೀರಿಗೆ ನಾಲ್ಕು ಹನಿ ಸಬಾದ್ದು, ಕೆಲವಕ್ಕೆ ಬರೀ ನೀರು. ಯಾವುದರಲ್ಲಿ ಯಾವುದು ಎಂದು ಚೀಟಿ ಬರೆದು ಮಡಿಸಿ ಎರೆಕೆ ಅವರ ಮೇಜಿನ ಖಾನೆಯಲ್ಲಿ ಇಟ್ಟು ಬೀಗ ಹಾಕಿಸಿದೆ. ಯಾವುದು ಯಾವುದೆಂದು ತನಗೆ ಗೊತ್ತಿರಬಾರದು ಎಂದು ಕುರಲಾಯ್ ಕೇಳಿದ್ದು ಹಾಗೇ. ಆವತ್ತು ನಾನು ರಬ್ಬರ್ ಚಪ್ಪಲಿ ಹಾಕಿಕೊಂಡಿದ್ದೆ, ಬೂಟು ಮನೆಯಲ್ಲಿ. ನುರ್‌ಖಾನ್ ಬಾಗಿಲಲ್ಲಿ ನಿಂತು ನೋಡಿದ. ಸ್ವಲ್ಪ ಹೊತ್ತಾದ ಮೇಲೆ, ತೂಕಕ್ಕೆ ಮುಂಚೆ ಹೊಸ ಸಿಲಿಂಡರ್ ಬೇಕಾದಾಗ ಅದನ್ನು ಉರುಳಿಸಿಕೊಂಡು ಬಂದವನು ಅವನೇ.

ಸಂಜೆ ನಾಲ್ಕಕ್ಕೆ ಹನ್ನೆರಡರ ತೂಕವೂ ಮುಗಿಯಿತು. ಯಾವ ಕೊಳವೆಯಲ್ಲಿ ಯಾವುದಿದೆ ಎಂದು ಕುರಲಾಯ್ ತನ್ನ ಉತ್ತರ ಬರೆದುಕೊಂಡು ಎರೆಕೆ ಅವರ ಕೋಣೆಗೆ ಹೋದಳು. ಖಾನೆ ತೆಗೆದರು, ಚೀಟಿ ಬಿಡಿಸಿದರು. ಹನ್ನೆರಡಕ್ಕೆ ಹನ್ನೆರಡೂ ಸರಿ. ಎರೆಕೆ ಎರಡು ಸಲ ಹೋಲಿಸಿ ನೋಡಿ, ಕನ್ನಡಕ ಒರೆಸಿ ಮೂರನೇ ಸಲ ನೋಡಿದರು.

"ಸರಿ, ಈಗ ಆ ಡೆನ್ಮಾರ್ಕಿನವನಿಗೆ ಉತ್ತರ ಮುಂದಿನ ತಿಂಗ್ಳು ಬರಿ, ಆರಾಮಾಗಿ," ಎಂದರು.

"ಚೀಟಿ ಬಿಡಿಸೋ ಮುಂಚೆನೇ ಕಳಿಸಿ ಬಂದೆ, ಎರೆಕೆ. ಹನ್ನೆರಡೂ ತಪ್ಪಾಗಿದ್ರೆ ಅದನ್ನೂ ಕಳಿಸ್ತೀನಿ ಅಂತ ಬರ್ದಿದ್ದೆ."

ಶುಕ್ರವಾರ ವಿದ್ವತ್ ಮಂಡಳಿ ಸೇರಿತು. ನಾನು ಚಹಾ ಕೊಡುವ ನೆಪದಲ್ಲಿ ಒಳಗಿದ್ದೆ. ಕುರಲಾಯ್ ಕೊಟ್ಟ ಪಟ್ಟಿಯಲ್ಲಿ ಐದು ಸಾಲಿದ್ದವು. ಐದನೆಯದರ ಕೆಳಗೆ, ಯಾರೂ ಕೇಳದಿದ್ದರೂ, ಇನ್ನೆರಡು ಸಾಲು: ಈ ಪ್ರಬಂಧದ ಮೇಲೆ ಪ್ರಶ್ನೆ ಬಂದಿದೆ; ನಾನು ಒಂದು ಅಳತೆಯನ್ನು ತಪ್ಪಾಗಿ ವಿವರಿಸಿದ್ದೆ; ತಿದ್ದುಪಡಿ ಕಳಿಸಿದ್ದೇನೆ, ಜೊತೆಗಿದೆ.

"ತಿದ್ದುಪಡಿ ಇರೋ ಪ್ರಬಂಧನ ಲೆಕ್ಕಕ್ಕೆ ಹಿಡೀಬೇಕಾ?" ಎಂದರು ಮಂಡಳಿಯ ಒಬ್ಬರು. ಒಬ್ಬರು ಹೌದೆಂದರು, ಒಬ್ಬರು ಅಲ್ಲವೆಂದರು. ನಿಯಮದಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ. ಯಾರೂ ಇಂಥದ್ದನ್ನು ತಾವಾಗಿ ಬರೆದುಕೊಟ್ಟಿರಲಿಲ್ಲ.

ಕುರಲಾಯ್ ಎದ್ದು ನಿಂತಳು. ಆವತ್ತು ಅವಳ ಕೈಯಲ್ಲಿ ಕೈಗವಸು ಇರಲಿಲ್ಲ.

"ಆ ತಿದ್ದುಪಡಿ ಇದ್ರೆನೇ ಆ ಪ್ರಬಂಧ ಗಟ್ಟಿ. ನಮಗೇ ಗೊತ್ತಿಲ್ದೆ ಒಬ್ಬ ಹೆಂಗಸು ನಮಗೊಂದು ಪರೀಕ್ಷೆ ಇಟ್ಟಿದ್ಲು. ಬಚ್ಚಿಟ್ಟ ಸಬಾದಿಂದ ನಾಲ್ಕು ಹನಿ. ಗುರುತು ಅದನ್ನ ಹಿಡೀತು. ಅದು ಬರೀ ಹಿಂದಿನ ನಮೂನೆಯ ಉಳಿಕೆ ಅಂದಿದ್ದು ನಾನು. ಹೊಸ ಯಂತ್ರ ನನ್ ಕೈಗೆ ಕೊಟ್ರೆ ಅದು ಹೇಳಿದ್ದನ್ನ ಇಷ್ಟು ಸುಲಭವಾಗಿ ತಳ್ಳಿಹಾಕಲ್ಲ. ಇದಕ್ಕಿಂತ ಹೆಚ್ಚಿಗೆ ನನ್ ಹತ್ರ ಹೇಳೋಕೇನಿಲ್ಲ."

ಮಂಡಳಿಯಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದರು, ಹೆಚ್ಚಾಗಿ ತೂಕಡಿಸುವವರು. ಅವರು ಕಣ್ಣು ಬಿಟ್ಟು ಕೇಳಿದರು, "ಆ ಸಬಾ ಕುಮಿಸ್ ಇನ್ನೂ ಉಳಿದಿದೆಯಾ?"

ಉಳಿದಿತ್ತು. ನಾನು ಜಾಡಿ ತಂದು ಚಹಾ ಬಟ್ಟಲಿಗೇ ಸುರಿದೆ. ಎರಡು ಬಟ್ಟಲು, ಎರಡು ಜಾಡಿ. ಹಿರಿಯರು ಎರಡನ್ನೂ ಕುಡಿದು ಒಂದನ್ನು ಮುಂದೆ ತಳ್ಳಿದರು. "ಇದು ಸಬಾದ್ದು. ನನ್ ನಾಲಿಗೆಗೆ ಗೊತ್ತು. ನನ್ ನಾಲಿಗೆ ಹೋದ ಮೇಲೆ ಇದನ್ನ ಹೇಳೋಕೆ ಇವಳಿರಲಿ."

ಒಂಬತ್ತು ಮತ ಅವಳಿಗೆ, ಆರು ನುರ್‌ಖಾನ್‌ಗೆ. ಹೊರಗೆ ಬಂದಾಗ ನುರ್‌ಖಾನ್ ಅವಳ ಕೈ ಕುಲುಕಿದ. "ಹೊಸ ಯಂತ್ರದಲ್ಲಿ ನನಗೂ ವಾರಕ್ಕೆ ಎರಡು ದಿನ ಕೊಡ್ತೀಯ ತಾನೇ?"

"ಕೊಡ್ತೀನಿ. ಒಂದು ಪ್ರಯೋಗಕ್ಕೆ ಒಂದೇ ಪ್ರಬಂಧ."

"ಹಾಗಾದ್ರೆ ಒಂದು ದಿನ ಸಾಕು," ಎಂದ ಅವನು.

ಹೆನ್ನಿಂಗ್‌ನ ಉತ್ತರ ಎರಡು ವಾರದ ಮೇಲೆ ಬಂತು. ತನಗೆ ತೃಪ್ತಿಯಾಗಿದೆ, ತನ್ನ ಕಾಗದವನ್ನೂ ತಿದ್ದುಪಡಿಯನ್ನೂ ಪತ್ರಿಕೆ ಅಕ್ಕಪಕ್ಕ ಅಚ್ಚು ಹಾಕಲಿ ಎಂದು ಬರೆದಿದ್ದ. ಕೊನೆಯಲ್ಲಿ, ಆ ಪಾನೀಯದ ರುಚಿ ಹೇಗಿರುತ್ತದೆ ಎಂದು ಕೇಳಿದ್ದ. ಪಟ್ಟಿಯಲ್ಲಿ ಈಗ ಐದನೆಯದರ ಕೆಳಗೆ ಆರನೇ ಸಾಲಿದೆ, ಆ ತಿದ್ದುಪಡಿಯದು, ಬಹಳ ಸಣ್ಣದು. ಅದನ್ನೂ ಬೆರಳಿಟ್ಟು ತೋರಿಸಬಲ್ಲೆ.

ಮುಂದಿನ ಬೇಸಿಗೆಗೆ ಇಪ್ಪತ್ನಾಲ್ಕು ಮನೆಗೆ ಪೆಟ್ಟಿಗೆ ಕಳಿಸಬೇಕಾಗಿತ್ತು. ಕುರಲಾಯ್ ಎರಡು ಪುಟದ ಸೂಚನೆ ಬರೆದಳು: ನೀರಿನ ಕೊಳವೆಗೆ ಏನನ್ನೂ ಹಾಕಬಾರದು, ಯಾಕೆ ಹಾಕಬಾರದು, ಹಾಕಿದರೆ ಏನಾಗುತ್ತದೆ. ಓದಿ ಹೇಗಿದೆ ಎಂದು ನನ್ನನ್ನು ಕೇಳಿದಳು.

"ಚೆನ್ನಾಗಿದೆ. ಓದ್ತಾರೆ, ನಗ್ತಾರೆ, ನಾಲ್ಕು ಹನಿ ಹಾಕ್ತಾರೆ."

"ಮತ್ತೇನ್ ಮಾಡೋಣ, ತಾತೆ?"

ಪೇಟೆಗೆ ಹೋಗಿ ಇಪ್ಪತ್ನಾಲ್ಕು ತಗಡಿನ ಡಬ್ಬಿ ಚಹಾ ತಂದೆ. ಒಂದೊಂದು ಪೆಟ್ಟಿಗೆಗೆ ಒಂದೊಂದು ಇಟ್ಟೆ. ಅವರಿಗೆ ವಾಪಸು ತುಂಬಿ ಕಳಿಸಲು ಒಂದು ಪಾತ್ರೆ ಸಿಕ್ಕಿತು. ಕೊಳವೆಯ ಗೊಡವೆಗೆ ಯಾರೂ ಹೋಗಲಿಲ್ಲ. ಇಪ್ಪತ್ನಾಲ್ಕು ಖಾಲಿ ಕೊಳವೆಗಳೂ ತಿಳಿ ನೀರಾಗಿಯೇ ಬಂದವು. ಡಬ್ಬಿಗಳಲ್ಲಿ ಬಂದ ಕುರ್ತ್, ಬೆಣ್ಣೆ, ಒಣಗಿಸಿದ ಏಪ್ರಿಕಾಟ್‌ಗಳನ್ನು ಇಡೀ ಮಹಡಿ ಒಂದು ತಿಂಗಳು ತಿಂದಿತು. ಹೆಚ್ಚು ತಿಂದವನು ನುರ್‌ಖಾನ್.

ಕಲಾಂಪಿರ್‌ಳ ಎರಡು ಜಾಡಿಗಳನ್ನು ಮಾತ್ರ ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಒಂದರಲ್ಲಿ ಸಕ್ಕರೆ ಮಿಠಾಯಿ ತುಂಬಿದ್ದೆ. ಇನ್ನೊಂದರಲ್ಲಿ ಕುರಲಾಯ್ ಆ ಸಣ್ಣ ತಿದ್ದುಪಡಿಯ ಅಚ್ಚಾದ ಹಾಳೆಯನ್ನು ಸುರುಳಿ ಸುತ್ತಿ ಇಟ್ಟಿದ್ದಳು. ಕಲಾಂಪಿರ್ ಬಿಡಿಸಿ, ತಿರುಗಿಸಿ ನೋಡಿ, ತನ್ನ ಮನೆ ಯಾವುದೆಂದು ಕೇಳಿದಳು. ಕುರಲಾಯ್ ನನಗೆ ಮುಂಚೆಯೇ ತೋರಿಸಿಕೊಟ್ಟಿದ್ದಳು. ಬೆರಳಿಟ್ಟು ತೋರಿಸಿದೆ. ಅವಳು ಹಾಳೆಯನ್ನು ಮತ್ತೆ ಸುತ್ತಿ, ರಜಾಯಿಗಳ ಹಿಂದೆ ಸಬಾದ ಪಕ್ಕದಲ್ಲಿ ಸಿಕ್ಕಿಸಿ ಕಂಬಳಿ ಮುಚ್ಚಿದಳು. ಗಂಡ ಹೊರಗೆ ಪೀಪಾಯಿ ತೊಳೆಯುತ್ತಿದ್ದ.